ಲಿಫ್ಟ್ ನಿಂತಿದ್ದ ಮಂಗಳವಾರ

“ಮುಟ್ಟಬೇಡಿ, ಗ್ರೀಸ್ ಇದೆ,” ಎಂದರು ಮೆಕ್ಯಾನಿಕ್.

ಆಗಲೇ ಮುಟ್ಟಿಯಾಗಿತ್ತು. ಆರನೇ ಮಹಡಿಯ ನೆತ್ತಿಯ ಮೇಲಿನ ಲಿಫ್ಟ್ ಯಂತ್ರದ ಕೋಣೆ ಅದು. ಇಬ್ಬರು ನಿಂತರೆ ಮೂರನೆಯವರು ಉಸಿರು ಬಿಗಿಹಿಡಿದೇ ಒಳಗೆ ಬರಬೇಕು. ಬಾಗಿಲ ಒಳಮೈಗೆ ಒಂದು ತಗಡಿನ ಪಟ್ಟಿ, ಅದರಲ್ಲಿ ಹಳದಿಗಟ್ಟಿದ ರಟ್ಟಿನ ಕಾರ್ಡುಗಳ ಕಟ್ಟು. ಈ ಲಿಫ್ಟಿಗೆ ಯಾವತ್ತು ಯಾವ ರಿಪೇರಿ ಆಯಿತೆಂಬುದು ಅದರಲ್ಲಿ ಬರೆದಿತ್ತು.

ನಾನು ಬಂದದ್ದು ಕಾರ್ಡು ಓದಲಿಕ್ಕಲ್ಲ. ಮೋಟರಿನ ಗುಂಯ್ ಸದ್ದನ್ನು ರೆಕಾರ್ಡ್ ಮಾಡಿಕೊಂಡು ಹೋಗಲು ಬಂದಿದ್ದೆ. ಸಿನಿಮಾಗಳಿಗೆ ಸದ್ದು ಹಿಡಿಯುವುದು ನನ್ನ ಕಸುಬು. ಇಪ್ಪತ್ತು ವರ್ಷದಿಂದ ಜೊತೆಯವರೆಲ್ಲ ನನ್ನನ್ನು ಕರೆಯುವುದೇ ‘ಕಿವಿ’ ಎಂದು, ಮತ್ತು ಹಾಗೆ ಕರೆಸಿಕೊಳ್ಳಲು ನನಗೇನೂ ಬೇಜಾರಿಲ್ಲ.

ಕಾರ್ಡು ಕಣ್ಣಿಗೆ ಬಿದ್ದದ್ದು ಆಕಸ್ಮಿಕ. ಅದರ ಮೇಲಿನ ದಿನಾಂಕಕ್ಕೆ ಕಣ್ಣು ಅಂಟಿಕೊಂಡದ್ದು ಆಕಸ್ಮಿಕವಲ್ಲ. ಇಪ್ಪತ್ತೆರಡು ವರ್ಷದ ಹಿಂದಿನ ಆ ಮಂಗಳವಾರವನ್ನು ನಾನು ನಿದ್ದೆಗಣ್ಣಲ್ಲೂ ಹೇಳಬಲ್ಲೆ.

‘ಉಕ್ಕಿನ ಹಗ್ಗ ಬದಲಾವಣೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಲಿಫ್ಟ್ ಬಂದ್.’

“ಈ ಸಹಿ ಯಾರದು?”

“ನಂದೇ. ಆಗಿನ್ನೂ ಕೈ ನಡುಗ್ತಿರಲಿಲ್ಲ, ನೋಡಿ ಎಷ್ಟು ನೀಟಾಗಿದೆ.”

ಆ ನೀಟಾದ ಸಹಿ ನಿಜವಾದರೆ ಒಬ್ಬ ನಿರಪರಾಧಿ ಹನ್ನೊಂದು ವರ್ಷ ಜೈಲಿನಲ್ಲಿದ್ದು ಬಂದಿದ್ದ. ಅವನನ್ನು ಅಲ್ಲಿಗೆ ಕಳಿಸಿದವರು ನನ್ನ ಅಪ್ಪ.

ನಾವು ಚಕ್ರದಯ್ಯನ ಮೇಲೆ ಸಾಕ್ಷ್ಯಚಿತ್ರ ಮಾಡುತ್ತಿದ್ದೇವೆ. ಷೇರು ಮಾರುಕಟ್ಟೆ ಚಕ್ರದ ಹಾಗೆ ತಿರುಗುತ್ತದೆ, ಯಾವ ದಿನ ಬೀಳುತ್ತದೆ ಎಂದು ಮೊದಲೇ ಹೇಳಬಹುದು ಎಂದು ಹೇಳಿಕೊಂಡು ಅರ್ಧ ಊರಿನಿಂದ ಹೊಗಳಿಸಿಕೊಂಡು, ಇನ್ನರ್ಧ ಊರಿನಿಂದ ಉಗಿಸಿಕೊಂಡ ಆಸಾಮಿ. ಇದೇ ಕಟ್ಟಡದ ಮೂರನೇ ಮಹಡಿಯಲ್ಲಿ, ಲಿಫ್ಟಿನ ಗೋಡೆಗೆ ಅಂಟಿಕೊಂಡ ಕೋಣೆಯಲ್ಲಿ ಅವನ ಆಫೀಸು. ಪ್ರತಿ ಮಂಗಳವಾರ ಹನ್ನೊಂದು ಗಂಟೆಗೆ ಬಾಗಿಲು ಹಾಕಿಕೊಂಡು ವಾರದ ಭವಿಷ್ಯವನ್ನು ಟೇಪಿಗೆ ಹೇಳುತ್ತಿದ್ದ.

ಆ ಮಂಗಳವಾರದ ಟೇಪಿನಲ್ಲಿ ಅವನು ಹೇಳಿದ್ದು: ಗುರುವಾರ ಮಾರುಕಟ್ಟೆ ಕುಸಿಯುತ್ತದೆ. ಗುರುವಾರ ಕುಸಿಯಿತು. ಆ ಟೇಪನ್ನು ಎತ್ತಿ ತೋರಿಸಿ ಅವನು ಹೊಸ ಗಿರಾಕಿಗಳನ್ನು ಸೆಳೆದ. ಟೇಪು ಕುಸಿತದ ನಂತರ ಹುಟ್ಟಿಸಿದ್ದು, ಶುದ್ಧ ವಂಚನೆ ಎಂದು ನ್ಯಾಯಾಲಯ ಹೇಳಿತು. ಎರಡು ಸಾಕ್ಷಿ ಸಾಕಾದವು. ಆವತ್ತು ಆಫೀಸಿಗೆ ಬೀಗ ಹಾಕಿತ್ತು, ತಾನು ಬೇರೆ ಊರಿನಲ್ಲಿದ್ದೆ ಎಂದು ಅವನ ಸ್ವಂತ ತಮ್ಮ ಹೇಳಿದ್ದು ಒಂದು. ಇನ್ನೊಂದು, ನ್ಯಾಯಾಲಯಕ್ಕಾಗಿ ಸದ್ದಿನ ತಜ್ಞರಾಗಿ ಟೇಪನ್ನು ಪರೀಕ್ಷಿಸಿದ ಅಪ್ಪನ ವರದಿ. ಇಪ್ಪತ್ತು ನಿಮಿಷದ ಟೇಪಿನಲ್ಲಿ ಒಂದು ಸಲವೂ ಲಿಫ್ಟಿನ ಸದ್ದಿಲ್ಲ, ಆದ್ದರಿಂದ ಇದು ಕೆಲಸದ ದಿನ ಆ ಕೋಣೆಯಲ್ಲಿ ಆದದ್ದಲ್ಲ ಎಂದು ಅಪ್ಪ ಬರೆದಿದ್ದರು.

ಟೇಪಿನ ಒಂದು ಪ್ರತಿ ನನ್ನ ಫೋನಿನಲ್ಲಿತ್ತು. ಹೆಡ್‌ಫೋನನ್ನು ಮೆಕ್ಯಾನಿಕ್ಕರ ತಲೆಗೆ ಏರಿಸಿದೆ.

“ಯಾರೋ ಗತ್ತಿನಿಂದ ಮಾತಾಡ್ತಿದಾರೆ,” ಎಂದರು.

“ಮಾತು ಬಿಡಿ. ಮಾತಿನ ಹಿಂದೆ ಏನಾದರೂ ಕೇಳುತ್ತಾ?”

ಅವರು ಕಣ್ಣು ಮುಚ್ಚಿದರು. ಆ ಸದ್ದು ನನಗೆ ಬಾಯಿಪಾಠ. ಠಣ್, ಠಣ್, ಠಣ್. ಆಮೇಲೆ ಮೆಲ್ಲಗೆ ಒಂದು ಠಣ್. ತುಸು ಬಿಡುವು, ಮತ್ತೆ ಅದೇ. ಅಪ್ಪನ ವರದಿಯಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಸಾಲು: ‘ದೂರದಲ್ಲೆಲ್ಲೋ ಕಟ್ಟಡ ಕೆಲಸ.’

“ಅಯ್ಯೋ,” ಎಂದು ಮೆಕ್ಯಾನಿಕ್ ಕಣ್ಣು ಬಿಟ್ಟರು. “ಇದು ನನ್ನ ಸುತ್ತಿಗೆ!”

“ಹೇಗೆ ಹೇಳ್ತೀರಿ? ಸುತ್ತಿಗೆ ಸದ್ದೆಲ್ಲಾ ಒಂದೇ ಥರ ತಾನೇ?”

ಅವರಿಗೆ ಬೇಕೆಂದೇ ಚುಚ್ಚಿದ್ದೆ, ನಾಟಿತು. “ಒಂದೇ ಥರಾನಾ? ಹಗ್ಗದ ತುದಿ ಗೂಡೊಳಗೆ ಕೂರಬೇಕಾದರೆ ಬೆಣೆ ಹೊಡೀಬೇಕು. ಬೇರೆಯವರು ಕಣ್ಣು ಮುಚ್ಚಿ ಬಡೀತಾರೆ. ನಾನು ಮೂರು ಜೋರಾಗಿ ಹೊಡೆದು, ಒಂದು ಮೆಲ್ಲಗೆ ಹೊಡೀತೀನಿ. ಆ ಮೆಲ್ಲಗಿನ ಏಟಲ್ಲೇ ಬೆಣೆ ಕೂತಿದೆಯೋ ಇಲ್ಲವೋ ಅಂತ ಕೈ ಹೇಳುತ್ತೆ. ಮೂವತ್ತು ವರ್ಷದಲ್ಲಿ ನಾನು ಕೂರಿಸಿದ ಒಂದೇ ಒಂದು ಹಗ್ಗ ಜಾರಿಲ್ಲ, ಗೊತ್ತಾ?”

ಸಂಶಯ ಇಟ್ಟುಕೊಳ್ಳಬಾರದೆಂದು ಗೋಡೆಯ ಮೊಳೆಯಿಂದ ಸುತ್ತಿಗೆ ತೆಗೆದು ಉಕ್ಕಿನ ತೊಲೆಗೆ ಹೊಡೆದೇ ತೋರಿಸಿದರು. ಠಣ್, ಠಣ್, ಠಣ್. ಮೆಲ್ಲಗೆ ಒಂದು.

ನಾನು ಮೆಟ್ಟಿಲಿಳಿದು ಮೂರನೇ ಮಹಡಿಯ ಆ ಕೋಣೆಗೆ ಓಡಿದೆ. ಈಗ ಅಲ್ಲಿ ಕನ್ನಡಕದ ಅಂಗಡಿಯಿದೆ. ಗೋಡೆಯ ಪಕ್ಕ ನಿಂತು ಮೇಲಿದ್ದವರಿಗೆ ಫೋನಿನಲ್ಲಿ “ಹೊಡೀರಿ” ಎಂದೆ. ಲಿಫ್ಟಿನ ಕೊಳವೆಯೊಳಗಿಂದ ಇಳಿದು ಬಂದ ಸದ್ದು ಟೇಪಿನ ಸದ್ದೇ. ಅದೇ ದೂರ, ಅದೇ ಮಂಕು. ಅಂಗಡಿಯವರು ನನ್ನ ಮುಖ ನೋಡಿ ಕೂರಲು ಸ್ಟೂಲು ಕೊಟ್ಟರು.

ಟೇಪು ಅಸಲಿ. ಚಕ್ರದಯ್ಯ ಕುಸಿತಕ್ಕೆ ಎರಡು ದಿನ ಮೊದಲೇ, ಇದೇ ಕೋಣೆಯಲ್ಲಿ ಕೂತು ಅದನ್ನು ಹೇಳಿದ್ದ.

ಕೆಲಸ ಗೆದ್ದ ಹೆಮ್ಮೆ ಎದೆಯೊಳಗೆ ಉಬ್ಬಿತು, ಸುಳ್ಳು ಹೇಳಲಾರೆ. ಅದರ ಹಿಂದೆಯೇ ಒಂದು ಪ್ರಶ್ನೆಯೂ ಎದ್ದಿತು. ಇದನ್ನು ಅಪ್ಪನಿಗೆ ಹೇಳುವುದು ಹೇಗೆ?

ಬೀದಿಗಿಳಿಯುವಷ್ಟರಲ್ಲಿ ನಿರ್ದೇಶಕಿಗೆ ಫೋನು ಮಾಡಿದೆ. ಅವಳು ನನ್ನ ಓರಗೆಯವಳು, ಬಾಯಿಗೆ ಬೀಗ ಇಲ್ಲದವಳು.

“ಕಿವೀ, ನಿನ್ನ ಕೈಗೆ ಬಂಗಾರದ ಬಳೆ ಹಾಕಿಸ್ತೀನಿ!” ಎಂದು ಕೂಗಿದಳು. “ಇರು, ಈಗಲೇ ಸಾಹೇಬ್ರಿಗೆ ಹೇಳ್ತೀನಿ.”

“ಅವರಿಗೆ ಈಗಲೇ ಬೇಡ. ಮೊದಲು ಅಪ್ಪನ ಹತ್ತಿರ...”

ಲೈನು ಕಟ್ಟಾಗಿತ್ತು. ಸಾಹೇಬರೆಂದರೆ ಚಕ್ರದಯ್ಯನ ಆ ತಮ್ಮನೇ. ಅಂದು ಅಣ್ಣನ ವಿರುದ್ಧ ಸಾಕ್ಷಿ ಹೇಳಿದವರು ಇಂದು ಅಣ್ಣನ ಸಿನಿಮಾದ ನಿರ್ಮಾಪಕರು. “ಆವತ್ತು ನನಗೆ ಗೊತ್ತಿದ್ದ ಸತ್ಯ ಹೇಳಿದೆ, ಈವತ್ತು ಅಣ್ಣನ ಮಾತನ್ನೂ ಜನ ಕೇಳಲಿ,” ಎನ್ನುತ್ತಾರೆ. ಒಳ್ಳೆಯ ಮಾತೇ. ಆದರೆ ನಾಲ್ಕು ತಿಂಗಳ ಶೂಟಿಂಗಿನಲ್ಲಿ ನನ್ನ ಪ್ರಾಣ ತಿಂದವರು ಅವರೇ. ಅವರ ಕೈಯಲ್ಲೊಂದು ಕನ್ನಡಕದ ಉಕ್ಕಿನ ಡಬ್ಬಿ, ತಾಯಿ ಕೊಟ್ಟದ್ದಂತೆ, ಮೂವತ್ತು ವರ್ಷದಿಂದ ಬಿಟ್ಟಿಲ್ಲವಂತೆ. ಮನಸ್ಸು ಎಲ್ಲೋ ಹೋದಾಗ ಅದರ ಮುಚ್ಚಳ ತೆರೆದು ಮುಚ್ಚುತ್ತಾರೆ. ಮೊದಲು ಸ್ಪ್ರಿಂಗಿನ ಸಣ್ಣ ಟಿಂಯ್, ಆಮೇಲೆ ಟಪ್. ನಾವೆಲ್ಲ ಅವರ ಬೆನ್ನ ಹಿಂದೆ ಕರೆಯುವುದು ‘ಡಬ್ಬಿ ಸಾಹೇಬ್ರು’ ಎಂದು.

ಹತ್ತು ನಿಮಿಷಕ್ಕೆ ನಿರ್ದೇಶಕಿಯ ಫೋನು ವಾಪಸು ಬಂತು. “ಸಾಹೇಬ್ರಿಗೆ ಖುಷಿಯೋ ಖುಷಿ. ಐದು ಗಂಟೆಗೆ ಅವರೇ ನಿಮ್ಮ ಮನೆಗೆ ಬರ್ತಾರೆ. ಮೂಲ ಟೇಪು ಅವರ ಲಾಕರ್‌ನಲ್ಲಿ ಇರಲಿ ಅಂದರು. ಎಷ್ಟು ಮುತುವರ್ಜಿ ನೋಡು!”

ಆ ಮೂಲ ಟೇಪನ್ನು ಚಕ್ರದಯ್ಯನ ಕೈಯಿಂದ ಬಿಡಿಸಲು ನಮಗೆ ಮೂರು ತಿಂಗಳು ಹಿಡಿದಿತ್ತು. ತನ್ನನ್ನು ನಿರಪರಾಧಿ ಎನ್ನಬಲ್ಲ ಒಂದೇ ವಸ್ತುವನ್ನು ಕೊಡಲು ಇಷ್ಟು ಸತಾಯಿಸುತ್ತಾನಲ್ಲ, ಎಂಥ ಸೊಕ್ಕು ಎಂದುಕೊಂಡಿದ್ದೆ. ಎರಡು ವಾರದಿಂದ ಅದು ನನ್ನ ಮನೆಯಲ್ಲಿ, ಅಪ್ಪನ ಹಳೆಯ ಟೇಪ್ ಯಂತ್ರದ ಪಕ್ಕದಲ್ಲಿತ್ತು.

ಮನೆ ಸೇರಿದಾಗ ನಾಲ್ಕು ಗಂಟೆ. ಅಪ್ಪ ಮೇಜಿನ ಮೇಲೆ ಯಾರದೋ ರೇಡಿಯೋ ಬಿಚ್ಚಿಕೊಂಡು ಕೂತಿದ್ದರು. ಒಂಬತ್ತು ವರ್ಷದಿಂದ ಅವರಿಗೆ ಕಿವಿ ಚೂರೂ ಕೇಳುವುದಿಲ್ಲ. ಆದರೂ ಸ್ಪೀಕರಿನ ಮರದ ಮೇಲೆ ಅಂಗೈ ಇಟ್ಟು ಯಾವ ತಂತಿ ಸಡಿಲ ಎಂದು ಹೇಳಿಬಿಡುತ್ತಾರೆ. ಅವರು ಬಾಯಿಬಿಟ್ಟು ಮಾತಾಡುತ್ತಾರೆ, ನಾನು ಪ್ಯಾಡಿನ ಮೇಲೆ ಬರೆಯುತ್ತೇನೆ. ಬಾಗಿಲ ಗಂಟೆಗೆ ಬದಲು ಗೋಡೆಯ ಮೇಲೊಂದು ಕೆಂಪು ಬಲ್ಬಿದೆ.

ಬಲ್ಬಿನ ಪಕ್ಕ ಒಂದು ಚೌಕಟ್ಟು. ಅದರೊಳಗೆ ಪತ್ರಿಕೆಯ ತುಣುಕು: ‘ಸುಳ್ಳನ್ನು ಹಿಡಿದ ಕಿವಿ.’ ಆಗ ನನಗೆ ಹತ್ತೊಂಬತ್ತು. ಆ ಚೌಕಟ್ಟು ನೋಡಿಯೇ ನಾನು ಈ ಕಸುಬಿಗೆ ಬಂದವಳು. ನನ್ನ ಅಡ್ಡಹೆಸರೂ ಅಲ್ಲಿಂದಲೇ ಬಂದದ್ದು.

“ಏನಾಯ್ತು?” ಎಂದರು ಅಪ್ಪ, ಇಡೀ ಬೀದಿಗೆ ಕೇಳುವ ಹಾಗೆ. “ಮುಖ ಯಾಕೆ ಹಾಗಿದೆ? ಮೈಕ್ ಬೀಳಿಸಿದ್ಯಾ?”

ಏನಿಲ್ಲವೆಂದು ತಲೆಯಾಡಿಸಿದೆ.

“ನನಗೆ ಹೋಗಿರೋದು ಕಿವಿ, ಕಣ್ಣಲ್ಲ. ಬರಿ.”

ಬರೆದೆ: ‘ಆ ಮಂಗಳವಾರ ಲಿಫ್ಟ್ ಓಡುತ್ತಿರಲಿಲ್ಲ.’

ಅವರು ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

“ಯಾರು ಹೇಳಿದ್ದು? ಚಕ್ರದಯ್ಯನಾ? ನಿಮಗೆಲ್ಲ ಚೆನ್ನಾಗಿ ಟೋಪಿ ಹಾಕಿದಾನೆ ಬಿಡು.” ದನಿ ಏರುತ್ತಾ ಹೋಯಿತು. “ಮೂರು ದಿನ ಕೂತಿದ್ದೆ ಆ ಕೋಣೆಯಲ್ಲಿ. ಮೂರು ದಿನ! ದಿನಾ ಹನ್ನೊಂದು ಗಂಟೆಗೆ ಖಾಲಿ ಕೋಣೆ ಹಿಡಿದೆ. ಎರಡು ನಿಮಿಷಕ್ಕೊಂದು ಸಲ ಲಿಫ್ಟ್ ಗುಂಯ್ ಅಂದಿದೆ. ನನ್ನ ಕಿವಿ ತಪ್ಪು ಅಂತೀಯಾ?”

ಖಾಲಿ ಕೋಣೆ ಹಿಡಿಯುವುದು ನಮ್ಮ ಕಸುಬಿನ ಮೊದಲ ಪಾಠ. ಎಲ್ಲಿ ಹೋದರೂ ಎಲ್ಲರನ್ನೂ ಸುಮ್ಮನಾಗಿಸಿ, ಒಂದು ನಿಮಿಷ ಬರೀ ಕೋಣೆಯ ಸದ್ದನ್ನು ರೆಕಾರ್ಡ್ ಮಾಡುತ್ತೇವೆ. ಫ್ಯಾನು, ಕೊಳಾಯಿ, ಕಿಟಕಿಯಾಚೆಯ ಬೀದಿ. ಪ್ರತಿ ಕೋಣೆಗೂ ಅದರದೇ ಮೌನ ಇರುತ್ತದೆ, ಅದು ಬದಲಾಗುವುದಿಲ್ಲ ಎಂದು ನಂಬಿದವರು ನಾವು. ನನಗೆ ಅದನ್ನು ಕಲಿಸಿದವರೇ ಅಪ್ಪ.

ಬರೆದೆ: ‘ಯಾವ ಮೂರು ದಿನ?’

ಅಪ್ಪ ತಿರುಪುಳಿಯನ್ನು ಮೇಜಿನ ಮೇಲಿಟ್ಟರು.

ಆ ಮೂರು ದಿನಗಳು ಕುಸಿತವಾಗಿ ನಾಲ್ಕು ತಿಂಗಳ ಮೇಲಿನವು. ಹೊಸ ಹಗ್ಗದ ಲಿಫ್ಟು ಆಗ ಹುಮ್ಮಸ್ಸಿನಿಂದ ಏರಿ ಇಳಿಯುತ್ತಿತ್ತು. ಈ ತಪ್ಪನ್ನು ಮಾಡಲು ನಮ್ಮಂಥವರಿಗೆ ಮಾತ್ರ ಸಾಧ್ಯ. ದಿನಾ ಲಿಫ್ಟ್ ಹತ್ತುವ ಯಾವ ಗುಮಾಸ್ತನನ್ನು ಕೇಳಿದ್ದರೂ, ‘ಆವತ್ತು ಕೆಟ್ಟಿತ್ತೇನೋ’ ಎಂದು ಹೇಳಿಬಿಡುತ್ತಿದ್ದ.

ಫೋನಿನಲ್ಲಿ ಕಾರ್ಡಿನ ಚಿತ್ರ ತೋರಿಸಿದೆ. ಸುತ್ತಿಗೆಯ ವಿಷಯ ಬರೆದೆ, ಮೂರು ಜೋರು ಒಂದು ಮೆಲ್ಲಗೆ ಎಂದು. ಅಪ್ಪ ಪ್ರತಿ ಅಕ್ಷರವನ್ನೂ ಬೆರಳಿಟ್ಟು ಓದಿದರು. ನಾನು ಅವರ ಮುಖ ನೋಡಲಾರದೆ ರೇಡಿಯೋದ ತಿರುಪುಗಳನ್ನು ಜೋಡಿಸುತ್ತಾ ಕೂತೆ.

“ಟೇಪ್ ಹಾಕು,” ಎಂದರು. “ಮೂಲದ್ದು. ಜೋರಾಗಿಡು.”

ಹಾಕಿದೆ. ಅವರು ಸ್ಪೀಕರಿನ ಮರದ ಪೆಟ್ಟಿಗೆಯ ಮೇಲೆ ಎರಡೂ ಅಂಗೈ ಊರಿ ಕಣ್ಣು ಮುಚ್ಚಿದರು. ಚಕ್ರದಯ್ಯನ ಗತ್ತಿನ ದನಿ ಮನೆ ತುಂಬಿತು. ಸ್ವಲ್ಪ ಹೊತ್ತಿಗೆ ಅಪ್ಪನ ತುಟಿ ಅಲುಗತೊಡಗಿತು. ಒಂದು, ಎರಡು, ಮೂರು. ಮೆಲ್ಲಗೆ ಒಂದು.

ಅವರು ಎದ್ದರು. ನೇರವಾಗಿ ಗೋಡೆಯ ಹತ್ತಿರ ಹೋಗಿ ಆ ಚೌಕಟ್ಟನ್ನು ಕೆಳಗಿಳಿಸಿ, ಮುಖ ಗೋಡೆಗೆ ಮಾಡಿ ನೆಲದ ಮೇಲಿಟ್ಟರು. ಅದು ಇದ್ದ ಜಾಗದಲ್ಲಿ ಗೋಡೆಯ ಹಳೆಯ ಬಣ್ಣ ಉಳಿದುಕೊಂಡಿತ್ತು.

“ಕ್ಯಾಮೆರಾ ತರಿಸು,” ಎಂದರು. “ನನ್ನ ತಪ್ಪನ್ನ ನಾನೇ ಹೇಳ್ತೀನಿ. ಬೇರೆಯವರ ಬಾಯಲ್ಲಿ ಬರೋದು ಬೇಡ.”

ನಾನು ಬರೆದೆ: ‘ಪತ್ರಿಕೆಯವರು ಹರಿದು ತಿಂತಾರೆ ಅಪ್ಪಾ.’

“ತಿನ್ನಲಿ. ಅವನ ಹನ್ನೊಂದು ವರ್ಷಕ್ಕಿಂತ ಇದು ದೊಡ್ಡದಾ?” ದನಿ ಒಡೆಯಿತು, ಆದರೆ ಬೆನ್ನು ಬಾಗಲಿಲ್ಲ. “ಕಿವಿ ಸರಿಯಾಗಿಯೇ ಇತ್ತು ಮಗಳೇ. ಸುತ್ತಿಗೆ ಕೇಳಿಸಿಕೊಂಡೆ, ಬರೆದೆ. ಅದು ಯಾರ ಸುತ್ತಿಗೆ ಅಂತ ಆರು ಮಹಡಿ ಹತ್ತಿ ಕೇಳಲಿಲ್ಲ. ನೀನು ಹತ್ತಿದೆ.”

ನಾನು ಅತ್ತುಬಿಟ್ಟೆ. ಅಪ್ಪನ ಬಗ್ಗೆ ನನಗೆ ಬುದ್ಧಿ ಬಂದಾಗಿನಿಂದ ಹೆಮ್ಮೆಯಿತ್ತು. ಆದರೆ ಆ ತುಣುಕು ಗೋಡೆಗೇರಿದ ದಿನ ಇದ್ದ ಹೆಮ್ಮೆ, ಅದು ಕೆಳಗಿಳಿದ ಈ ಸಂಜೆಯ ಹೆಮ್ಮೆಯ ಮುಂದೆ ಏನೇನೂ ಅಲ್ಲ.

“ಅಳು ಆಮೇಲೆ,” ಎಂದರು. “ಹಿಂದಕ್ಕೆ ತಿರುಗಿಸು. ಹದಿನಾಲ್ಕನೇ ನಿಮಿಷ. ಅಲ್ಲೇನೋ ಇದೆ.”

ತಿರುಗಿಸಿದೆ. ಅಪ್ಪ ಅಂಗೈ ಊರಿದರು.

“ಇದು. ಇದು ಸುತ್ತಿಗೆ ಅಲ್ಲ. ರೆಕಾರ್ಡರ್ ಇಟ್ಟಿದ್ದ ಮೇಜನ್ನೇ ಏನೋ ತಟ್ಟಿದೆ. ಇಗೋ, ಮತ್ತೆ.”

‘ಟೇಪಿನ ಹಳೇ ಗೀರು,’ ಎಂದು ಬರೆದೆ. ನಾನು ಅದನ್ನು ಹಾಗೆಂದೇ ತಿಳಿದಿದ್ದೆ. ಸಿನಿಮಾದ ಪ್ರತಿಯಿಂದ ಅದನ್ನು ನಾನೇ ನೀಟಾಗಿ ಒರೆಸಿ ಹಾಕಿದ್ದೆ. ನನ್ನ ಫೋನಿನಲ್ಲಿದ್ದುದೂ ಒರೆಸಿದ ಪ್ರತಿಯೇ.

“ಗೀರಾದರೆ ಕೈಗೆ ಹೀಗೆ ಬಡಿಯಲ್ಲ. ಹೆಡ್‌ಫೋನ್ ಹಾಕ್ಕೊಂಡು ಕೇಳು. ಇಪ್ಪತ್ತೆರಡು ವರ್ಷದ ಹಿಂದೆ ನಾನು ಇಲ್ಲದ ಲಿಫ್ಟನ್ನ ಹುಡುಕ್ತಾ ಇದ್ದೆ. ಇದ್ದಿದ್ದನ್ನ ಬಿಟ್ಟೆ.”

ಹೆಡ್‌ಫೋನು ಹಾಕಿಕೊಂಡೆ. ಚಕ್ರದಯ್ಯ ಒಂದು ವಾಕ್ಯ ಮುಗಿಸಿ ಉಸಿರೆಳೆದುಕೊಳ್ಳುವ ಸಂದಿಯಲ್ಲಿ, ತೀರಾ ಹತ್ತಿರದಲ್ಲಿ, ಸ್ಪ್ರಿಂಗಿನ ಒಂದು ಸಣ್ಣ ಟಿಂಯ್. ಆಮೇಲೆ ಟಪ್.

ನಾಲ್ಕು ತಿಂಗಳು ನಾನು ಹಲ್ಲು ಕಚ್ಚಿ ಸಹಿಸಿಕೊಂಡ ಸದ್ದು ಅದು.

‘ಡಬ್ಬಿ ಸಾಹೇಬ್ರು,’ ಎಂದು ಬರೆದೆ. ‘ಅವರು ಆವತ್ತು ಆ ಕೋಣೆಯಲ್ಲೇ ಇದ್ದರು.’

ಬೇರೆ ಊರಿನಲ್ಲಿದ್ದೆ ಎಂದು ಆಣೆ ಮಾಡಿ ಹೇಳಿದ ತಮ್ಮ, ಅಣ್ಣನ ಮೇಜಿನ ಎದುರೇ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಮತ್ತು ಚಕ್ರದಯ್ಯ? ಅವನು ನಮ್ಮ ಕ್ಯಾಮೆರಾದ ಮುಂದೆ ಎದೆ ತಟ್ಟಿಕೊಂಡು ಹೇಳಿದ್ದ: “ಆ ಕೋಣೆಯಲ್ಲಿ ನಾನೊಬ್ಬನೇ ಇದ್ದೆ.” ತನ್ನನ್ನು ಬಿಡಿಸಬಲ್ಲ ಒಬ್ಬನೇ ಸಾಕ್ಷಿಯನ್ನು ಅವನು ಯಾಕೆ ಮುಚ್ಚಿಟ್ಟ?

ಗೋಡೆಯ ಕೆಂಪು ಬಲ್ಬು ಹೊತ್ತಿಕೊಂಡಿತು. ಐದಕ್ಕೆ ಇನ್ನೂ ಹದಿನೈದು ನಿಮಿಷ ಇತ್ತು.

ನಾನು ಟೇಪನ್ನು ಯಂತ್ರದಿಂದ ಕಿತ್ತು ಎಲ್ಲಾದರೂ ಬಚ್ಚಿಡಲು ಹೊರಟೆ. ಆ ಟಪ್ ಉಳಿದಿರುವುದು ಇಡೀ ಲೋಕದಲ್ಲಿ ಇದೊಂದರಲ್ಲೇ. ಇದು ಹೋದರೆ ಅಪ್ಪ ಕ್ಯಾಮೆರಾದ ಮುಂದೆ ಏನು ಹೇಳಿದರೂ ಅದು ಕಿವುಡ ಮುದುಕನ ಮಾತಾಗುತ್ತದೆ. ಅಪ್ಪ ನನ್ನ ಮಣಿಕಟ್ಟು ಹಿಡಿದರು. ರೇಡಿಯೋದ ಖಾಲಿ ಪೆಟ್ಟಿಗೆಯೊಳಗೆ ಟೇಪನ್ನು ತಾವೇ ಇಟ್ಟು, ಹಿಂದಿನ ತಗಡು ಮುಚ್ಚಿ, ತಿರುಪು ಬಿಗಿಯತೊಡಗಿದರು.

“ಬಾಗಿಲು ಆಮೇಲೆ,” ಎಂದರು. ಹುಟ್ಟಿದಾಗಿನಿಂದ ಅವರು ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. “ಮೊದಲು ನಿನ್ನ ಯಂತ್ರ ಹಚ್ಚು. ಖಾಲಿ ಕೋಣೆ ತಗೋ. ಒಂದು ನಿಮಿಷ.”

ಮೈಕನ್ನು ಬಾಗಿಲಿಗೆ ಮುಖ ಮಾಡಿ ನೆಲದ ಮೇಲಿಟ್ಟು, ಕೆಂಪು ಗುಂಡಿ ಒತ್ತಿ, ಹೆಡ್‌ಫೋನು ಏರಿಸಿಕೊಂಡೆ. ನಮ್ಮ ಮನೆಯ ಫ್ಯಾನು ಕೇಳಿಸಿತು. ಅಪ್ಪನ ತಿರುಪುಳಿ ಕೇಳಿಸಿತು. ಮೂವತ್ತನೇ ಸೆಕೆಂಡಿಗೆ ಬಾಗಿಲಿನ ಆಚೆಯಿಂದ ಟಿಂಯ್ ಎಂದು ಬಂತು. ಆಮೇಲೆ ಟಪ್.

“ಡಬ್ಬಿ ಜೇಬಲ್ಲಿಡು,” ಎಂದಿತು ಇನ್ನೊಂದು ದನಿ, ತಗ್ಗಿಸಿ. “ಟೇಪ್ ಕೈಗೆ ಬರೋ ತನಕ ನೀನು ಬಾಯಿ ಬಿಡಬೇಡ. ಮಾತು ನಾನಾಡ್ತೀನಿ.”

ಆ ಗತ್ತು ನನಗೆ ಬಾಯಿಪಾಠ. ಈಗಷ್ಟೇ ಇದೇ ಮನೆ ತುಂಬ ಮೊಳಗಿದ ದನಿ ಅದು. ಚಕ್ರದಯ್ಯ.

ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. ಏನು ಬಂತು ಎಂದು ಹುಬ್ಬಿನಲ್ಲೇ ಕೇಳಿದರು. ಪ್ಯಾಡು ಎಳೆದುಕೊಂಡು ಒಂದೇ ಪದ ಬರೆದೆ: ‘ಇಬ್ಬರೂ.’ ಹನ್ನೊಂದು ವರ್ಷದ ಜೈಲಿಗಿಂತ ದೊಡ್ಡದೇನನ್ನೋ ಅಣ್ಣತಮ್ಮ ಸೇರಿಯೇ ಮುಚ್ಚಿಟ್ಟಿದ್ದರು.

ಬಲ್ಬು ಮತ್ತೆ ಹೊತ್ತಿತು, ಈ ಸಲ ಆರಲೇ ಇಲ್ಲ. ಅಪ್ಪ ಕೊನೆಯ ತಿರುಪು ಬಿಗಿದು, ಅಂಗಿಯ ಕಾಲರು ಸರಿಮಾಡಿಕೊಂಡು, ಬಾಗಿಲಿಗೆದುರಾಗಿ ಕುರ್ಚಿ ಎಳೆದುಕೊಂಡು ಕೂತರು.

“ನಿಮಿಷ ಇನ್ನೂ ಮುಗಿದಿಲ್ಲ,” ಎಂದರು. “ಕಾಯಲಿ.”